ಸಾಲೋಟಗಿಯ ಕಂಬ, ಸಾಕ್ಷಿಯ ಕಟಕಟೆ

ಇಂಡಿ ಪಟ್ಟಣದ ಪಕ್ಕದ ಸಾಲೋಟಗಿಯನ್ನು ಇಂದು ಜನ ಬಲ್ಲುದು ಲಿಂಬೆ ತೋಟಗಳಿಂದ, ಶಿವಯೋಗೇಶ್ವರರ ಜಾತ್ರೆಯಿಂದ. ಸಾವಿರ ವರ್ಷದ ಹಿಂದೆ ಇದರ ಹೆಸರು ಪಾವಿಟ್ಟಗೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದಲ್ಲಿ, ಕ್ರಿ.ಶ. 945ರಲ್ಲಿ, ಅವನ ಮಂತ್ರಿ ನಾರಾಯಣ ಇಲ್ಲಿ ತ್ರೈಪುರುಷ ದೇಗುಲಕ್ಕೆ ಸೇರಿದಂತೆ ಒಂದು ದೊಡ್ಡ ಶಾಲೆ ಕಟ್ಟಿಸಿದ. ದೂರದೂರದ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಇರಲು 27 ಮನೆಗಳಿದ್ದವು ಎಂದು ಕಂಬದ ಶಾಸನ ಹೇಳುತ್ತದೆ. ಶಾಲೆಯ ಖರ್ಚಿಗೆ 500 ನಿವರ್ತನ ಭೂಮಿ, ದೀಪದ ಎಣ್ಣೆಗೆ 12, ಮುಖ್ಯ ಉಪಾಧ್ಯಾಯನ ಜೀವನಕ್ಕೆ 50. ಇದು ಸಾಲದೆಂದು ಊರ ಬ್ರಾಹ್ಮಣರು ತಮ್ಮ ಮನೆಯ ಶುಭಕಾರ್ಯಗಳಿಂದಲೂ ಪಾಲು ಕೊಡಬೇಕಿತ್ತು: ಮದುವೆಗೆ ಐದು ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಅದರರ್ಧ.

ಈ ಲೆಕ್ಕದಲ್ಲಿ ಹೆಚ್ಚು ಹಣ ತಂದುಕೊಟ್ಟದ್ದು ಮದುವೆ. ಮದುವೆಯೆಂದರೆ ಅಲ್ಲಿ ಒಬ್ಬ ಮದುಮಗಳು ಇರಲೇಬೇಕು. ಆದರೆ ಶಾಲೆಯೊಳಗೆ ಕಾಲಿಡುವ ದಾರಿ ಉಪನಯನ, ಅದು ಅವಳಿಗಿರಲಿಲ್ಲ. ಅವಳ ಹಸೆಮಣೆಯ ಲೆಕ್ಕದಲ್ಲಿ ಬಂದ ಐದು ನಾಣ್ಯದಿಂದ ಇನ್ನೊಬ್ಬರ ಮಗ ವೇದ ಕಲಿತ.

ಸುಮಾರು ಇನ್ನೂರು ವರ್ಷಗಳ ನಂತರ ಇದೇ ವಿಜಯಪುರ ಜಿಲ್ಲೆಯ ಬಾಗೇವಾಡಿಯಲ್ಲಿ ಒಬ್ಬ ಹುಡುಗ, ಅಕ್ಕ ನಾಗಮ್ಮನಿಗೆ ಇಲ್ಲದ ಜನಿವಾರ ತನಗೇಕೆ ಎಂದು ಕೇಳಿ ಮನೆ ಬಿಟ್ಟ ಎನ್ನುತ್ತದೆ ಶರಣ ಪರಂಪರೆ. ಆ ಪ್ರಶ್ನೆಗೆ ನೆಲ ಎಲ್ಲಿಂದ ಬಂತು ಎಂದು ಹುಡುಕುವವರು ಸಾಲೋಟಗಿಯ ಕಂಬವನ್ನೂ ಒಮ್ಮೆ ಓದಬೇಕು. ಅಕ್ಕನ ಮೇಲಿನ ಪ್ರೀತಿ ಒಂದು ಕಡೆ ಇರಲಿ, ಬಾಗಿಲಲ್ಲಿ ನಿಂತು ಯಾರು ಒಳಗೆ, ಯಾರು ಹೊರಗೆ ಎಂದು ಕೇಳಿದ ಮಾತು ಅದು.

ಹೆಣ್ಣಿಗೆ ಅಧಿಕಾರವೇ ಸಿಗದ ಕಾಲ ಅದೆಂದು ಯಾರೂ ಹೇಳುವಂತಿಲ್ಲ. ಕಲ್ಯಾಣ ಚಾಲುಕ್ಯರ ರಾಜಕುಮಾರಿ ಅಕ್ಕಾದೇವಿ ಹನ್ನೊಂದನೆಯ ಶತಮಾನದಲ್ಲಿ ಕಿಸುಕಾಡು ನಾಡನ್ನು ಆಳಿದಳು, ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದಳು, ವಿದ್ಯಾರ್ಥಿಗಳ ಅನ್ನ-ಅರಿವೆಗೆ ದತ್ತಿ ಬಿಟ್ಟಳು. ಅರಮನೆಯಲ್ಲಿ ಹುಟ್ಟಿದವಳಿಗೆ ಕುದುರೆ ಸಿಕ್ಕಿತು, ಖಡ್ಗವೂ ಸಿಕ್ಕಿತು. ಉಳಿದವರಿಗೆ ಸಿಕ್ಕಿದ್ದು ಪ್ರಶ್ನೆ. ಉಡುತಡಿಯಿಂದ ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅನುಭವಮಂಟಪದ ಬಾಗಿಲಲ್ಲಿ ಅಲ್ಲಮ ತಡೆದು ಕೇಳಿದ್ದರಲ್ಲಿ ಅವಳ ಬಟ್ಟೆಯ ಪ್ರಶ್ನೆಯೂ ಇತ್ತು ಎಂದು ಶೂನ್ಯಸಂಪಾದನೆ ಕಥಿಸುತ್ತದೆ: ಅರಿವೆ ಬಿಟ್ಟವಳು ಕೂದಲನ್ನೇಕೆ ಮರೆಮಾಡಿಕೊಂಡೆ? ಜ್ಞಾನದ ಸಭೆಯಲ್ಲೂ ಹೆಣ್ಣಿನ ಉಡುಗೆ ವಿಚಾರಣೆಗೆ ಬಂತು. 2003ರಲ್ಲಿ ವಿಜಯಪುರದಲ್ಲಿ ಆರಂಭವಾದ ರಾಜ್ಯದ ಮೊದಲ ಮಹಿಳಾ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಇವಳ ಹೆಸರನ್ನೇ ಇಟ್ಟರು. ಇಂಡಿ, ಸಿಂದಗಿ, ಮುದ್ದೇಬಿಹಾಳದ ಹೊಲಗಳ ಹುಡುಗಿಯರು ಇಂದು ಬಸ್ಸಿನಲ್ಲಿ ತೊರವಿಯ ಆ ಆವರಣಕ್ಕೆ ಹೋಗಿ ಗಣಕವಿಜ್ಞಾನ ಓದುತ್ತಾರೆ. ಇದನ್ನು ನಾನು ಚಿಕ್ಕ ಮಾತೆಂದು ಎಣಿಸುವುದಿಲ್ಲ.

ನ್ಯಾಯಾಲಯ, ಪ್ರಯೋಗಾಲಯ, ಪೊಲೀಸ್ ಠಾಣೆ ಈ ಮೂರೂ ಹೆಣ್ಣಿಗೆ ತಡವಾಗಿ ತೆರೆದ ಬಾಗಿಲುಗಳು. ಮೂರರಲ್ಲೂ ಅವಳನ್ನು ಮೊದಲು ನೋಡುತ್ತಾರೆ, ಆಮೇಲೆ ಕೇಳುತ್ತಾರೆ. ಆದರೂ ಅವಳ ಮಾತನ್ನು ನೆಟ್ಟಗೆ ಕೇಳಿದಾಗಲೆಲ್ಲ ಕಾನೂನೇ ಒಂದು ಹೆಜ್ಜೆ ಮುಂದೆ ಸರಿದಿದೆ. ಇದಕ್ಕೆ ಸಾಕ್ಷಿ ಹುಡುಕಿ ದೂರ ಹೋಗಬೇಕಿಲ್ಲ, ಸಿಂದಗಿ ತಾಲ್ಲೂಕಿನಿಂದಲೇ ಶುರು ಮಾಡಬಹುದು.

ಸಿಂದಗಿ ತಾಲ್ಲೂಕಿನ ಯರಗಲ್ಲಿನಲ್ಲಿ 1938ರಲ್ಲಿ ಹುಟ್ಟಿದವರು ಎಂ.ಎಂ. ಕಲಬುರ್ಗಿ. ಶಾಸನ ಓದುವುದು, ಹಸ್ತಪ್ರತಿಗಳನ್ನು ಹೋಲಿಸುವುದು, ಸಾಕ್ಷ್ಯ ಹೇಳಿದಷ್ಟನ್ನೇ ಹೇಳುವುದು ಅವರ ಕಸುಬು. ಅವರು ಪ್ರಧಾನ ಸಂಪಾದಕರಾಗಿದ್ದ ಸಮಗ್ರ ವಚನ ಸಂಪುಟಗಳ ಮಾಲೆಯಲ್ಲಿ ಶಿವಶರಣೆಯರ ವಚನಗಳಿಗೇ ಒಂದು ಸಂಪುಟ ಮೀಸಲಾಯಿತು. 1989ರ ಹೊತ್ತಿಗೆ ಬರೆದದ್ದನ್ನು ಒತ್ತಡಕ್ಕೆ ಸಿಕ್ಕಿ ಹಿಂತೆಗೆದುಕೊಳ್ಳಬೇಕಾದ ನೋವನ್ನೂ ಉಂಡವರು ಅವರು. 2015ರ ಆಗಸ್ಟ್ 30ರ ಭಾನುವಾರ ಬೆಳಗ್ಗೆ ಧಾರವಾಡದ ಕಲ್ಯಾಣನಗರದ ಮನೆಗೆ ಬೈಕಿನಲ್ಲಿ ಇಬ್ಬರು ಬಂದರು. ಒಬ್ಬ ಬಾಗಿಲು ಬಡಿದ. ತೆರೆದವರು ಪತ್ನಿ ಉಮಾದೇವಿ. ಮನೆಗೆ ಬಂದವರಿಗೆ ಕಾಫಿ ಕೊಡುವುದು ಧಾರವಾಡದ ರೂಢಿ, ಒಳಗೆ ಹೋದರು. ಅಷ್ಟರಲ್ಲಿ ಗುಂಡಿನ ಸದ್ದು.

ಆ ಕ್ಷಣದಿಂದ ಉಮಾದೇವಿಯವರು ಎರಡು ಭಾರ ಹೊತ್ತರು. ಒಂದು ಗಂಡನನ್ನು ಕಳೆದುಕೊಂಡವರದು, ಇನ್ನೊಂದು ಮುಖ ಕಂಡ ಸಾಕ್ಷಿಯದು. ಮೊದಲನೆಯದಕ್ಕೆ ಊರು ಬಂದು ಸಂತಾಪ ಹೇಳಿತು. ಎರಡನೆಯದನ್ನು ಅವರು ವರ್ಷಗಟ್ಟಲೆ ಹೆಚ್ಚುಕಡಿಮೆ ಒಬ್ಬರೇ ಹೊತ್ತರು. ಸಿಐಡಿ ತನಿಖೆ ಮುಂದೆ ಸಾಗದಿದ್ದಾಗ ಸುಪ್ರೀಂ ಕೋರ್ಟಿನ ಬಾಗಿಲು ಬಡಿದವರು ಅವರೇ. 2018ರ ಜನವರಿಯಲ್ಲಿ ನ್ಯಾಯಾಲಯ ನೋಟಿಸ್ ಕೊಟ್ಟಿತು. 2019ರ ಫೆಬ್ರವರಿ 26ರಂದು, ಗೌರಿ ಲಂಕೇಶ್ ಹತ್ಯೆಯನ್ನು ತನಿಖೆ ಮಾಡುತ್ತಿದ್ದ ವಿಶೇಷ ತನಿಖಾ ದಳಕ್ಕೇ ಈ ಪ್ರಕರಣವನ್ನೂ ಒಪ್ಪಿಸಿ, ಧಾರವಾಡ ಹೈಕೋರ್ಟ್ ಪೀಠ ಅದರ ಮೇಲೆ ಕಣ್ಣಿಡಲಿ ಎಂದಿತು. ಅದೇ ವರ್ಷ ನಡೆದ ಗುರುತು ಪತ್ತೆ ಪರೇಡಿನಲ್ಲಿ ಉಮಾದೇವಿಯವರು ಆರೋಪಿಯನ್ನು ಗುರುತಿಸಿದರೆಂದು ವರದಿಯಾಯಿತು. ಆಗಸ್ಟಿನಲ್ಲಿ ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತು.

ಗುರುತು ಪತ್ತೆ ಪರೇಡು ಎಂದರೆ ಏನೆಂದು ಹಳ್ಳಿಯ ಹೆಂಗಸರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಮ್ಯಾಜಿಸ್ಟ್ರೇಟರ ಎದುರು, ಮೈಕಟ್ಟು ವಯಸ್ಸುಗಳಲ್ಲಿ ಹೋಲುವ ಹಲವರ ಸಾಲಿನಲ್ಲಿ ಆರೋಪಿಯನ್ನೂ ನಿಲ್ಲಿಸುತ್ತಾರೆ. ಸಾಕ್ಷಿ ಒಬ್ಬೊಬ್ಬರ ಮುಖ ನೋಡುತ್ತ ಹೋಗಬೇಕು. ಅಲ್ಲಿ ಹೇಳಿದ್ದು ಕೂಡ ಪೂರ್ಣ ಸಾಕ್ಷ್ಯವಾಗುವುದಿಲ್ಲ, ಆಮೇಲೆ ನ್ಯಾಯಾಲಯದ ಕಟಕಟೆಯಲ್ಲಿ ನಿಂತು ಮತ್ತೆ ಹೇಳಬೇಕು, ಎದುರು ಪಕ್ಷದ ವಕೀಲರ ಪಾಟೀಸವಾಲಿಗೆ ಉತ್ತರ ಕೊಡಬೇಕು. ಮನೆಯ ಬಾಗಿಲಲ್ಲಿ ಕೆಲವೇ ಕ್ಷಣ ಕಂಡ ಮುಖವನ್ನು ನಾಲ್ಕು ವರ್ಷ ಮನಸ್ಸಿನಲ್ಲಿ ಕಾಪಿಟ್ಟುಕೊಂಡ ಹಿರಿಯ ಹೆಣ್ಣುಮಗಳೊಬ್ಬಳ ಧೈರ್ಯವನ್ನು ನಾವು ಸಾಕಷ್ಟು ಗೌರವಿಸಿಲ್ಲ. ಕಲಬುರ್ಗಿಯವರ ಸಂಶೋಧನೆಯ ಬಗ್ಗೆ ಸಭೆಗಳಾದವು, ಆಗಬೇಕಾದದ್ದೇ. ಉಮಾದೇವಿಯವರ ಸಾಕ್ಷಿಯ ಬಗ್ಗೆಯೂ ಒಂದು ಸಭೆ ಆಗಬೇಕಿತ್ತು.

ಮುಖ ಮರೆತರೂ ಲೋಹ ಮರೆಯುವುದಿಲ್ಲ, ವಿಜ್ಞಾನ ಬರುವುದು ಅಲ್ಲಿ. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ ಪತ್ರಕರ್ತೆ ಗೌರಿ ಲಂಕೇಶರನ್ನು ಅವರ ಮನೆಯ ಮುಂದೆ ಗುಂಡಿಟ್ಟು ಕೊಂದರು. ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಆ ಸ್ಥಳದ ಗುಂಡು ಮತ್ತು ಖಾಲಿ ತೋಟೆಗಳನ್ನು ಧಾರವಾಡದಲ್ಲಿ ಸಿಕ್ಕವುಗಳ ಜೊತೆ ಹೋಲಿಸಿತು. ಎರಡು ಹತ್ಯೆಗೂ ಬಳಸಿದ್ದು 7.65 ಮಿ.ಮೀ.ನ ಒಂದೇ ನಾಡಪಿಸ್ತೂಲು ಎಂಬ ನಿಲುವಿಗೆ ಬಂತು. ಅದು ಗೊತ್ತಾಗುವ ಬಗೆ ಹೀಗೆ. ಕುದುರೆ ಎಳೆದಾಗ ಒಳಗಿನ ಮೊಳೆ ತೋಟೆಯ ಹಿಂಬದಿಗೆ ಬಡಿದು ಕುಳಿ ಮಾಡುತ್ತದೆ. ಸ್ಫೋಟದ ಒತ್ತಡಕ್ಕೆ ತೋಟೆ ಹಿಂದಕ್ಕೆ ಒತ್ತಿಕೊಂಡು ಪಿಸ್ತೂಲಿನ ಹಿಂಗೋಡೆಯ ಗೀರುಗಳನ್ನು ಮೈಮೇಲೆ ತೆಗೆದುಕೊಳ್ಳುತ್ತದೆ. ನಳಿಗೆಯಲ್ಲಿ ಉಜ್ಜಿಕೊಂಡು ಹೋಗುವ ಗುಂಡಿಗೂ ಅದರದೇ ಗೆರೆಗಳು ಬೀಳುತ್ತವೆ. ಒಂದು ಆಯುಧದ ಗೀರು ಇನ್ನೊಂದಕ್ಕಿರುವುದಿಲ್ಲ. ಹೋಲಿಕೆಯ ಸೂಕ್ಷ್ಮದರ್ಶಕದಡಿ ಎರಡು ತೋಟೆಗಳನ್ನು ಒಟ್ಟಿಗಿಟ್ಟು ಗೆರೆಗೆ ಗೆರೆ ಕೂಡಿಸುತ್ತಾರೆ. ಎರಡು ಹಸ್ತಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಅಕ್ಷರಕ್ಕೆ ಅಕ್ಷರ ಕೂಡಿಸುತ್ತಿದ್ದ ಸಂಶೋಧಕನ ಸಾವಿನ ತನಿಖೆಯನ್ನು ಅಂಥದೇ ಒಂದು ಓದು ಮುಂದಕ್ಕೊಯ್ದಿತು.

ಗೌರಿ ಪ್ರಕರಣದ ದೂರು ಕೊಟ್ಟವರು ತಂಗಿ, ಚಿತ್ರನಿರ್ದೇಶಕಿ ಕವಿತಾ ಲಂಕೇಶ್. ಒಬ್ಬ ಆರೋಪಿಯ ಮೇಲಿನ ಸಂಘಟಿತ ಅಪರಾಧದ ಆರೋಪವನ್ನು ಹೈಕೋರ್ಟ್ ಕೈಬಿಟ್ಟಾಗ ಅದನ್ನು ಪ್ರಶ್ನಿಸಿ ದೆಹಲಿಗೆ ಹೋದವರೂ ಅವರೇ. 2021ರ ಅಕ್ಟೋಬರ್ 21ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. 2018ರಲ್ಲಿ ಬಂಧಿತರಾದ ಆರೋಪಿಗಳಲ್ಲಿ ಒಬ್ಬ ಸಿಂದಗಿಯವನು. ತಪ್ಪು ಯಾರದೆಂದು ಹೇಳುವುದು ನ್ಯಾಯಾಲಯದ ಕೆಲಸ. ಆದರೆ ಹತನಾದ ವಿದ್ವಾಂಸ ಹುಟ್ಟಿದ ತಾಲ್ಲೂಕಿನ ಹೆಸರೇ ಈ ತನಿಖೆಯ ಕಡತದಲ್ಲೂ ಬಂದದ್ದು ನಮ್ಮ ಕಡೆಯ ಮನೆಮನೆ ಕೂತು ಯೋಚಿಸಬೇಕಾದ ಸಂಗತಿ. ಗೌರಿ ತೀರಿಕೊಂಡ ಮೇಲೂ ಅವರ ಗಿಡ್ಡ ಕೂದಲನ್ನು, ಬಾಳಿದ ಬಗೆಯನ್ನು ಆಡಿಕೊಂಡವರಿದ್ದರು. ಉಮಾದೇವಿ ಸೆರಗು ಹೊದ್ದ ಗೃಹಿಣಿ, ಗೌರಿ ಕತ್ತರಿಸಿದ ಕೂದಲಿನ ಪತ್ರಕರ್ತೆ. ಸಮಾಜ ಇಬ್ಬರನ್ನೂ ಎರಡು ತಕ್ಕಡಿಯಲ್ಲಿ ತೂಗಿತು. ಪಿಸ್ತೂಲಿಗೆ ಆ ಭೇದವಿರಲಿಲ್ಲ.

ಉಡುಗೆಯನ್ನು ಸಾಕ್ಷ್ಯವೆಂದು ಓದುವ ಚಾಳಿ ಬೀದಿಯಲ್ಲಿ ನಿಲ್ಲುವುದಿಲ್ಲ, ಪೀಠದವರೆಗೂ ಹೋಗುತ್ತದೆ. 2020ರ ಜೂನಿನಲ್ಲಿ ಕರ್ನಾಟಕ ಹೈಕೋರ್ಟಿನ ಒಂದು ಜಾಮೀನು ಆದೇಶದಲ್ಲಿ, ದೌರ್ಜನ್ಯವಾದ ಮೇಲೆ ನಿದ್ದೆ ಹೋದೆನೆಂದ ದೂರುದಾರೆಯ ನಡತೆ ಭಾರತೀಯ ಹೆಣ್ಣಿಗೆ ತಕ್ಕುದಲ್ಲ ಎಂಬ ಅರ್ಥದ ಮಾತು ಬಂತು. ದೇಶದುದ್ದಕ್ಕೂ ಆಕ್ಷೇಪ ಎದ್ದಿತು, ಜುಲೈನಲ್ಲಿ ಆ ಮಾತನ್ನು ಆದೇಶದಿಂದ ತೆಗೆದರು. 2022ರ ಆಗಸ್ಟಿನಲ್ಲಿ ಕೋಯಿಕ್ಕೋಡ್‌ನ ಸೆಷನ್ಸ್ ನ್ಯಾಯಾಲಯ ದೂರುದಾರೆಯ ಉಡುಪು ಪ್ರಚೋದಕವಾಗಿತ್ತೆಂದು ಬರೆಯಿತು, ಕೇರಳ ಹೈಕೋರ್ಟ್ ಅದನ್ನು ಅಳಿಸಿತು. ಮರುವರ್ಷ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ನ್ಯಾಯಾಧೀಶರಿಗಾಗಿಯೇ ಒಂದು ಕೈಪಿಡಿ ತಂದು, ಹೆಣ್ಣಿನ ಬಟ್ಟೆ ಯಾರಿಗೂ ಕೊಟ್ಟ ಆಹ್ವಾನವಲ್ಲ ಎಂದು ವಿವರಿಸಬೇಕಾಯಿತು. ಅದಕ್ಕೂ ಮೊದಲು 2022ರ ಅಕ್ಟೋಬರಿನಲ್ಲಿ, ಅತ್ಯಾಚಾರಕ್ಕೊಳಗಾದವರ ಮೇಲೆ ಮಾಡುತ್ತಿದ್ದ ‘ಎರಡು ಬೆರಳಿನ ಪರೀಕ್ಷೆ’ಗೆ ವಿಜ್ಞಾನದ ಆಧಾರವೇ ಇಲ್ಲ, ಅದನ್ನು ಮಾಡುವವರು ದುರ್ನಡತೆಯ ತಪ್ಪಿತಸ್ಥರು ಎಂದೂ ಹೇಳಿತ್ತು. ವಿಜ್ಞಾನದ ಹೆಸರಿನಲ್ಲಿ ಹೆಣ್ಣಿನ ಮೈಗೆ ಮಾಡಿದ ಅವಮಾನ ಅದು, ಇಷ್ಟು ವರ್ಷ ವೈದ್ಯರ ಕೈಯಿಂದಲೇ ಆಗುತ್ತಿತ್ತು.

ಠಾಣೆಯ ಮೇಜಿನ ಎದುರು ನಮ್ಮ ಭಾಗದ ಹೆಣ್ಣುಮಗಳಿಗೆ ಬೀಳುವ ಪ್ರಶ್ನೆಗಳು ಯಾರಿಗೂ ಹೊಸವಲ್ಲ. “ಅಷ್ಟೊತ್ತಿನ್ಯಾಗ ಅಲ್ಲಿಗ್ಯಾಕ ಹೋಗಿದ್ದಿ?” “ಸಂಗಟ ಯಾರಿದ್ರು?” “ಆವತ್ತ ಯಾಕ ಹೇಳಲಿಲ್ಲ?” ತಾಂಡಾದಿಂದ ಬಂದ ಲಂಬಾಣಿ ಅವ್ವನಿಗೆ ಇನ್ನೊಂದು ಕಷ್ಟ: ಅವಳ ಪೇಟಿಯಾ, ಕನ್ನಡಿ ಕೂರಿಸಿದ ಕಾಂಚಳಿ ಕಂಡ ಕೂಡಲೇ ಅವಳು ಯಾರು, ಎಲ್ಲಿಯವಳು ಎಂಬ ತೀರ್ಮಾನ ಆಗಿಬಿಟ್ಟಿರುತ್ತದೆ. ಅವಳ ದೂರು ಆಮೇಲಿನ ಮಾತು.

ಶಾಲೆಯ ಬಾಗಿಲಲ್ಲೂ ಇದೇ ಆಯಿತು. 2022ರಲ್ಲಿ ಹಿಜಾಬ್ ಧರಿಸಿದ ವಿದ್ಯಾರ್ಥಿನಿಯರ ಪ್ರಶ್ನೆ ಕರ್ನಾಟಕ ಹೈಕೋರ್ಟಿನ ಪೂರ್ಣಪೀಠಕ್ಕೆ ಬಂದಾಗ, ಮಾರ್ಚ್ 15ರಂದು ಪೀಠ ನಿರ್ಬಂಧವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಿಕ್ಕಿನ ತೀರ್ಪು ಕೊಟ್ಟರು. ವಾದಗಳು ಏನೇ ಇರಲಿ, ಆ ವರ್ಷ ಬಾಗಿಲಿಂದ ಹಿಂದಿರುಗಿದ ಹುಡುಗಿಗೆ ತಪ್ಪಿಹೋದದ್ದು ಓದು. ಸಾಲೋಟಗಿಯ ಶಾಸನ ಓದಿದವರಿಗೆ ಆ ನಷ್ಟದ ಬೆಲೆ ಗೊತ್ತಿರಬೇಕು.

ಇನ್ನು ಖಾಕಿ. ಕರ್ನಾಟಕದ ಮೊದಲ ಮಹಿಳಾ ಐಪಿಎಸ್ ಅಧಿಕಾರಿ ಜೀಜಾ ಹರಿಸಿಂಗ್, 1975ರ ತಂಡದವರು. ರಾಜ್ಯ ಪೊಲೀಸ್ ಪಡೆಯ ಮುಖ್ಯಸ್ಥೆಯಾಗಿ ಒಬ್ಬ ಹೆಣ್ಣುಮಗಳು ಕೂರಲು 2017ರ ಅಕ್ಟೋಬರ್ 31ರವರೆಗೆ ಕಾಯಬೇಕಾಯಿತು, ಅವರು ನೀಲಮಣಿ ರಾಜು. ಅವರು 2018ರ ಅಕ್ಟೋಬರಿನಲ್ಲಿ ಹೊರಡಿಸಿದ ಸುತ್ತೋಲೆಯೊಂದು ಮಹಿಳಾ ಸಿಬ್ಬಂದಿ ಕರ್ತವ್ಯದಲ್ಲಿ ಖಾಕಿ ಸೀರೆಯ ಬದಲು ಪ್ಯಾಂಟು-ಶರ್ಟನ್ನೇ ಧರಿಸಬೇಕೆಂದಿತು. ಕೂದಲು ಕಟ್ಟುವ ಬಗೆ, ಬಳೆಯಂಥ ವಿಷಯಗಳಿಗೂ ಅದರಲ್ಲಿ ಸೂಚನೆಗಳಿದ್ದವು. ಸೀರೆಯ ಅಭಿಮಾನಿಗಳಿಗೆ ಬೇಸರವಾಯಿತು, ಗರ್ಭಿಣಿಯರ, ವಯಸ್ಸಾದವರ ಅನುಕೂಲದ ಪ್ರಶ್ನೆಯೂ ಎದ್ದಿತು. ನನ್ನ ಮಟ್ಟಿಗೆ ಆ ಆದೇಶ ಸರಿ. ಓಡುವವನ ಬೆನ್ನಟ್ಟಬೇಕಾದವಳಿಗೆ ನೆರಿಗೆ ತಡೆ. ಪ್ಯಾಂಟಿಗೆ ಕಿಸೆ ಇದೆ, ಕೈ ಖಾಲಿ ಇರುತ್ತದೆ, ಬೈಕ್ ಹತ್ತಲು ಯಾರ ನೆರವೂ ಬೇಡ. ಆದರೆ ಬಟ್ಟೆಯಷ್ಟೇ ಮುತುವರ್ಜಿ ಉಳಿದದ್ದಕ್ಕೂ ಬೇಕು. ಜಾತ್ರೆ, ಉರುಸು, ಚುನಾವಣೆಯ ಬಂದೋಬಸ್ತಿಗೆ ಬಯಲಿನಲ್ಲಿ ದಿನವಿಡೀ ನಿಲ್ಲುವ ಮಹಿಳಾ ಪೇದೆಗೆ ಶೌಚಾಲಯ ಎಲ್ಲಿ? ಸಮವಸ್ತ್ರದ ಸುತ್ತೋಲೆ ಬಂದಷ್ಟು ಬೇಗ ಅದಕ್ಕೂ ಒಂದು ಸುತ್ತೋಲೆ ಬರಬೇಕು.

ಅವಳು ಠಾಣೆಯಲ್ಲಿ ಇರಲೇಬೇಕೆಂಬುದು ಈಗ ಕಾನೂನಿನ ಮಾತೂ ಹೌದು. ಲೈಂಗಿಕ ಅಪರಾಧದ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕೆಂಬ ನಿಯಮ 2013ರಲ್ಲಿ ಬಂತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಉಳಿಯಿತು. ತನಿಖೆಯ ಹೆಸರಿನಲ್ಲಿ ಹೆಣ್ಣುಮಗಳನ್ನು ಸಾಕ್ಷಿಯಾಗಿ ಠಾಣೆಗೆ ಕರೆಸುವಂತಿಲ್ಲ, ಅವಳ ಮನೆಗೇ ಬಂದು ಕೇಳಬೇಕು. ಲೈಂಗಿಕ ಅಪರಾಧದ ಪ್ರಕರಣದಲ್ಲಿ ನ್ಯಾಯಾಧೀಶರ ಮುಂದಿನ ಹೇಳಿಕೆಯನ್ನು ಸಾಧ್ಯವಾದಷ್ಟೂ ಮಹಿಳಾ ಮ್ಯಾಜಿಸ್ಟ್ರೇಟರೇ ದಾಖಲಿಸಬೇಕು. ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕೆಂದೂ ಹೊಸ ಸಂಹಿತೆ ಹೇಳುತ್ತದೆ, ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಗಡುವಿದೆ. ವಿಜಯಪುರ ಜಿಲ್ಲೆಗೆ ಇದು ಸಣ್ಣ ವಿಷಯವಲ್ಲ. ಪ್ರಾದೇಶಿಕ ಪ್ರಯೋಗಾಲಯಗಳಿರುವುದು ಬೆಳಗಾವಿಯಲ್ಲಿ, ಕಲಬುರಗಿಯಲ್ಲಿ. ಬೆಂಗಳೂರು ಐನೂರು ಕಿಲೋಮೀಟರಿಗೂ ದೂರ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಈ ನೆಲದಲ್ಲಿ ರಕ್ತದ ಮಾದರಿ, ಬಟ್ಟೆಯ ಮೇಲಿನ ಕಲೆ ಬೇಗ ಕೆಡುತ್ತವೆ. ಒದ್ದೆ ಬಟ್ಟೆಯನ್ನು ನೆರಳಲ್ಲಿ ಒಣಗಿಸಿ ಕಾಗದದ ಚೀಲದಲ್ಲಿಡಬೇಕು, ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬೂಷ್ಟು ಹಿಡಿದು ಸಾಕ್ಷ್ಯವೇ ಹಾಳು. ಇಷ್ಟನ್ನು ಊರೂರಿನ ಆಶಾ ಕಾರ್ಯಕರ್ತೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಿಗೆ ಹೇಳಿಕೊಡಲು ದೊಡ್ಡ ಖರ್ಚೇನೂ ಬೇಕಿಲ್ಲ.

2017ರ ಜೂನಿನಲ್ಲಿ ಆಗಿನ ಮುದ್ದೇಬಿಹಾಳ ತಾಲ್ಲೂಕಿನ ಗುಂಡಕನಾಳದಲ್ಲಿ, ಪರಜಾತಿಯ ಹುಡುಗನನ್ನು ಮದುವೆಯಾದ ತಪ್ಪಿಗೆ ಗರ್ಭಿಣಿಯೊಬ್ಬಳನ್ನು ಅವಳ ಮನೆಯವರೇ ಸುಟ್ಟು ಕೊಂದರು. ಪ್ರಕರಣ ವಿಜಯಪುರದ ನ್ಯಾಯಾಲಯದಲ್ಲಿ ಶಿಕ್ಷೆಯವರೆಗೂ ಹೋಯಿತು. ಇಂಥ ಕೊಲೆಯಲ್ಲಿ ಮನೆಯೇ ಆರೋಪಿ, ಓಣಿಯೇ ಸಾಕ್ಷಿ, ಸಾಕ್ಷಿ ಹೇಳುವವರಿಗೆ ನಾಳೆಯೂ ಅದೇ ಓಣಿಯಲ್ಲಿ ಬದುಕಬೇಕು. ಬಾಯಿಗಳು ಮುಚ್ಚಿಕೊಂಡಾಗ ಸುಟ್ಟ ಬಟ್ಟೆಯ ಚೂರು, ಮೊಬೈಲಿನ ಕರೆಗಳ ದಾಖಲೆ, ವೈದ್ಯರ ವರದಿ ಇವೇ ಮಾತಾಡಬೇಕು. ‘ಭೀಮಾ ತೀರದ ಹಂತಕರು’ ಎಂದು ಪತ್ರಿಕೆಗಳು ನಮ್ಮ ಭಾಗಕ್ಕೆ ಹಣೆಪಟ್ಟಿ ಹಚ್ಚಿದವು, ಸಿನಿಮಾ ಮಾಡಿದವರೂ ಇದ್ದಾರೆ. ಆ ದ್ವೇಷಗಳಲ್ಲಿ ಗಂಡ, ಮಗ, ಅಣ್ಣನನ್ನು ಕಳೆದುಕೊಂಡ ಹೆಂಗಸರು ಕೋರ್ಟಿನ ಕಾರಿಡಾರಿನಲ್ಲಿ ಹೇಗೆ ದಿನ ಕಳೆದರೆಂದು ಅವರ ಬಾಯಿಂದ ಕೇಳಿ ಬರೆದವರು ಕಡಿಮೆ. ಯಾರಾದರೂ ಬರೆಯಲಿ.

ವಿಜ್ಞಾನಕ್ಕೆ ಜೋತುಬೀಳುವ ಆತುರದಲ್ಲಿ ಒಂದು ಎಚ್ಚರ ಬೇಕು. ಒಂದು ಕಾಲಕ್ಕೆ ಬೆಂಗಳೂರಿನ ಪ್ರಯೋಗಾಲಯ ಮಂಪರು ಪರೀಕ್ಷೆಗೆ ದೇಶದಲ್ಲೆಲ್ಲ ಹೆಸರಾಗಿತ್ತು. ಕರ್ನಾಟಕದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್, ಒಪ್ಪಿಗೆಯಿಲ್ಲದೆ ಯಾರಿಗೂ ಮಂಪರು, ಸುಳ್ಳುಪತ್ತೆ, ಮೆದುಳಿನ ತರಂಗದ ಪರೀಕ್ಷೆ ಮಾಡಕೂಡದೆಂದು ತೀರ್ಪಿತ್ತಿತು. ಆ ಮೇಲ್ಮನವಿಗೆ ಹೆಸರು ಬಂದದ್ದು ಆರೋಪಿ ಸ್ಥಾನದಲ್ಲಿದ್ದ ಹೆಣ್ಣುಮಗಳಿಂದ. ಆರೋಪಿಯಾದ ಹೆಣ್ಣಿಗೂ ಅವಳ ಮನಸ್ಸಿನ ಮೇಲೆ ಹಕ್ಕಿದೆ ಎಂಬ ಮಾತನ್ನು ಗಟ್ಟಿಮಾಡಿದ ತೀರ್ಪದು.

ಪ್ರಯೋಗಾಲಯಕ್ಕೆ ಹೆಣ್ಣು ಬಂದ ಕಥೆಯನ್ನು ಬೇಗ ಹೇಳಿಬಿಡಬಹುದು, ಏಕೆಂದರೆ ಅದು ಒಂದೇ ಕಥೆಯ ಹಲವು ರೂಪ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿ ಎಂದು ಹೆಸರಾದವರು, ಅರ್ಜಿ ಹಾಕಿದಾಗ ಸಿ.ವಿ. ರಾಮನ್ ಹೆಣ್ಣೆಂಬ ಕಾರಣಕ್ಕೆ ನಿರಾಕರಿಸಿದರು. ಅವರು ಪಟ್ಟು ಬಿಡದಿದ್ದಾಗ ಷರತ್ತುಗಳ ಮೇಲೆ ಒಂದು ವರ್ಷ ಪರೀಕ್ಷಾರ್ಥ ಸೇರಿಸಿಕೊಂಡರು. ಗಂಡಸರ ಗಮನ ಕೆಡಿಸಬಾರದು ಎಂಬುದು ಅದರಲ್ಲೊಂದು. ವರ್ಷ ಮುಗಿದಾಗ ಅವರ ಕೆಲಸವೇ ಬಾಗಿಲು ತೆರೆಯಿತು. 1939ರಲ್ಲಿ ಅವರು ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ನಂಜನಗೂಡಿನಲ್ಲಿ 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಅಮೆರಿಕದ ಮಿಷಿಗನ್‌ನಲ್ಲಿ ಓದಿ, 1953ರಲ್ಲಿ ಹಿಂದಿರುಗಿ ಅದೇ ಸಂಸ್ಥೆಯಲ್ಲಿ ಮೈಕ್ರೋವೇವ್ ಎಂಜಿನಿಯರಿಂಗ್ ಕಲಿಸಿದರು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಅಪರಾಧ ವಿಜ್ಞಾನದಲ್ಲಿ ದಾರಿ ಮಾಡಿದ ಹೆಸರು ರುಕ್ಮಿಣಿ ಕೃಷ್ಣಮೂರ್ತಿಯವರದು. 1974ರಲ್ಲಿ ಮುಂಬೈನ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಸೇರಿ ಮುಂದೆ ಅದರ ನಿರ್ದೇಶಕಿಯಾದರು. ಬೆಳಗಾವಿ ಕಡೆಯ ತೆಲಗಿಯ ಛಾಪಾ ಕಾಗದ ಹಗರಣದ ಪರೀಕ್ಷೆಯೂ ಅವರ ಪ್ರಯೋಗಾಲಯದಲ್ಲಿ ಆಯಿತು.

2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಕಕ್ಷೆ ಸೇರಿದಾಗ ಬೆಂಗಳೂರಿನಿಂದ ಒಂದು ಚಿತ್ರ ಜಗತ್ತಿಗೆಲ್ಲ ಹೋಯಿತು: ರೇಷ್ಮೆ ಸೀರೆಯುಟ್ಟು, ಮುಡಿಗೆ ಮಲ್ಲಿಗೆ ಮುಡಿದು ನಲಿಯುತ್ತಿರುವ ಇಸ್ರೋದ ಮಹಿಳೆಯರು. ಅವರು ಆಡಳಿತ ವಿಭಾಗದವರು ಎಂದು ಇಸ್ರೋ ಆಮೇಲೆ ಸ್ಪಷ್ಟಪಡಿಸಿತು. ನಂದಿನಿ ಹರಿನಾಥ್, ರಿತು ಕರಿಧಾಲ್ ಅವರಂಥ ವಿಜ್ಞಾನಿಗಳು ನಿಯಂತ್ರಣ ಕೊಠಡಿಯಲ್ಲಿ ಕೆಲಸದಲ್ಲಿದ್ದರು. ಜಗತ್ತು ಸೀರೆಗೆ ಬೆರಗಾಯಿತು, ಕಕ್ಷೆಯ ಲೆಕ್ಕ ಹಾಕಿದವರ ಹೆಸರು ತಡವಾಗಿ ಕೇಳಿತು. ಆಡಳಿತದ ಆ ಹೆಂಗಸರ ಸಂತೋಷಕ್ಕೂ ಪೂರ್ಣ ಹಕ್ಕಿತ್ತು. ಆದರೆ ನಮ್ಮ ಕಣ್ಣು ಮೊದಲು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಆ ಚಿತ್ರ ತೋರಿಸಿಕೊಟ್ಟಿತು.

ಕರಿ ಕೋಟು ಸಿಕ್ಕದ್ದು 1923ರಲ್ಲಿ, ಮಹಿಳೆಯರೂ ವಕೀಲರಾಗಬಹುದೆಂಬ ಕಾಯ್ದೆ ಬಂದಾಗ. ಇಂದಿಗೂ ವಕೀಲೆಯ ಉಡುಗೆಗೆ ಬರೆದಿಟ್ಟ ನಿಯಮವಿದೆ: ಬಿಳಿ, ಕಪ್ಪು ಅಥವಾ ಮಂದ ಬಣ್ಣದ, ಚಿತ್ತಾರವಿಲ್ಲದ ಸೀರೆ, ಇಲ್ಲವೇ ಚೂಡಿದಾರ. ತೆನಿ ಸೆರಗಿನ ಇಳಕಲ್ ಸೀರಿಗೂ ಗುಳೇದಗುಡ್ಡದ ಖಣದ ಕುಪ್ಪಸಕ್ಕೂ ಅಲ್ಲಿ ಜಾಗವಿಲ್ಲ. ಬಳ್ಳಾರಿಯಲ್ಲಿ 1978ರಲ್ಲಿ ಆ ಕೋಟು ತೊಟ್ಟ ಮೊದಲ ಹೆಣ್ಣುಮಗಳು ಮಂಜುಳಾ ಚೆಲ್ಲೂರ್. ಮೈಸೂರು ಸಂಸ್ಥಾನದ ಚೀಫ್ ಕೋರ್ಟ್ ಆರಂಭವಾದದ್ದು 1884ರಲ್ಲಿ. ಕರ್ನಾಟಕ ಹೈಕೋರ್ಟಿಗೆ ಮೊದಲ ಮಹಿಳಾ ನ್ಯಾಯಮೂರ್ತಿಯಾಗಿ ಚೆಲ್ಲೂರ್ ಬಂದದ್ದು 2000ದಲ್ಲಿ. ನಡುವೆ 116 ವರ್ಷ. ಮುಂದೆ ಅವರು ಕೇರಳ, ಕಲ್ಕತ್ತ, ಬಾಂಬೆ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾದರು. 2021ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟಿಗೆ ಹೋದ ಬಿ.ವಿ. ನಾಗರತ್ನ, ಜ್ಯೇಷ್ಠತೆಯ ಸಾಲು ಹೀಗೇ ನಡೆದರೆ, 2027ರಲ್ಲಿ ದೇಶದ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿ. ಅವಧಿ ಕೇವಲ 36 ದಿನ.

ಊರ ಹೆಣ್ಣುಮಗಳಿಗೆ ನ್ಯಾಯ ಬೇಕಾಗುವುದು ಹೆಚ್ಚಾಗಿ ಹೊಲದ ವಿಷಯದಲ್ಲಿ. ಅಲ್ಲೂ ಬಟ್ಟೆ ಬರುತ್ತದೆ. ಪಂಚಮಿಗೆ ತವರಿಗೆ ಬಂದ ಅಕ್ಕತಂಗಿಯರಿಗೆ ಉಡಿ ತುಂಬಿ, ಸೀರಿ-ಕುಪ್ಪಸ ಕೊಟ್ಟು, ಹಕ್ಕು ಬಿಟ್ಟುಕೊಟ್ಟ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ನಮ್ಮಲ್ಲಿ ಮರ್ಯಾದಸ್ಥ ಮನೆಗಳಲ್ಲೂ ನಡೆಯುತ್ತದೆ. ಕೇಳಿದರೆ, “ಅಣ್ಣನ ಮ್ಯಾಲ ಕೋರ್ಟಿಗಿ ಹೋಗ್ತೀಯೇನವಾ? ತವರಮನಿ ಬಾಗಿಲಾ ಬಂದ್ ಆಗ್ತದ ನೋಡು” ಎಂಬ ಬೆದರಿಕೆ. ಸೀರೆ ಕೊಟ್ಟು ಎಕರೆ ಪಡೆಯುವ ಈ ವ್ಯವಹಾರವನ್ನು ನಾನು ಪ್ರೀತಿ ಎನ್ನಲಾರೆ.

ಹಾಗೆ ಬೆದರದೆ ಹೋದವರಿಂದಲೇ ದೇಶದ ಕಾನೂನು ಸ್ಪಷ್ಟವಾಯಿತು. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಪಾಲು ಕೊಟ್ಟಿತು, ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. ಅದು ಯಾರಿಗೆ ಅನ್ವಯ ಎಂಬ ಪ್ರಶ್ನೆ ಬೆಳಗಾವಿ ನ್ಯಾಯಾಲಯದಲ್ಲಿ 1992ರಲ್ಲೇ ಹೂಡಿದ್ದ ದಾವೆಯೊಂದರಲ್ಲಿ ಎದ್ದು, ಫುಲವತಿ ಪ್ರಕರಣವೆಂದು 2015ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ತಂದೆ 2005ರ ಸೆಪ್ಟೆಂಬರ್ 9ರಂದು ಬದುಕಿದ್ದರೆ ಮಾತ್ರ ಪಾಲು ಎಂದಿತು ನ್ಯಾಯಾಲಯ. ಕರ್ನಾಟಕ ಹೈಕೋರ್ಟಿನಿಂದಲೇ ಹೋದ ದಾನಮ್ಮ ಪ್ರಕರಣದಲ್ಲಿ, ತಂದೆ 2001ರಲ್ಲೇ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಬ್ಬರಿಗೆ ತಲಾ ಐದರಲ್ಲೊಂದು ಪಾಲು ಸಿಕ್ಕಿತು. ಅದು 2018ರ ಫೆಬ್ರವರಿ 1. ಈ ಎರಡು ತೀರ್ಪುಗಳ ನಡುವಿನ ತೊಡಕು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಬಗೆಹರಿಯಿತು: ಮಗಳ ಹಕ್ಕು ಹುಟ್ಟಿನದು, ತಂದೆ ಆ ದಿನ ಬದುಕಿದ್ದನೇ ಇಲ್ಲವೇ ಎಂಬುದು ಮುಖ್ಯವಲ್ಲ. ಇಂದು ಕನ್ಯಾಕುಮಾರಿಯಿಂದ ಹಿಮಾಲಯದವರೆಗೆ ಹಿಂದೂ ಕುಟುಂಬದ ಮಗಳೊಬ್ಬಳು ಪಾಲು ಕೇಳುವಾಗ ಅವಳು ನಡೆಯುವ ದಾರಿಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳ ಹೆಜ್ಜೆಯೂ ಇದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಓದುಗರಲ್ಲಿ ಒಂದು ಕೇಳಿಕೆ. ನಿಮ್ಮ ಮನೆಯ, ಓಣಿಯ, ತಾಂಡಾದ ಹೆಣ್ಣುಮಗಳು ಠಾಣೆಗೋ ಕೋರ್ಟಿಗೋ ಹೋಗಬೇಕಾಗಿ ಬಂದರೆ ಅವಳನ್ನು ತಡೆಯಬೇಡಿ, ಜೊತೆಗೆ ಹೋಗಿ. ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಬರೆದುಕೊಳ್ಳಲೇಬೇಕು, ಪ್ರತಿಯನ್ನು ಪುಕ್ಕಟೆ ಕೊಡಬೇಕು. ಪ್ರತಿ ಕೈಗೆ ಬರುವವರೆಗೆ ಎದ್ದು ಬರಬೇಡಿ. ಹಕ್ಕು ಬಿಡುವ ಪತ್ರಕ್ಕೆ ಸಹಿ ಹಾಕುವ ಮುನ್ನ ಅವಳು ಅದನ್ನು ಓದಲಿ, ಓದು ಬಾರದಿದ್ದರೆ ಮನೆಯವರಲ್ಲದ ಯಾರಾದರೂ ಅವಳಿಗೆ ಓದಿ ಹೇಳಲಿ. ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಕೈಚೆಲ್ಲಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಮಿನಂತೆ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೇ ಇಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು.